ದಿನದ ಹೊತ್ತು ಹೋಲಿಸಲು ನಾಲ್ಕು ದಾರಿ

ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ತಾರೀಕು, ಸಮಯ ಎರಡೂ ಒಂದೇ ಕಾಲಂನಲ್ಲಿವೆ. ತಾರೀಕು ಯಾವುದಾದರೂ ಇರಲಿ, ಬೆಳಿಗ್ಗೆ 9:30ರಿಂದ ಸಂಜೆ 5ರೊಳಗಿನ ಸಾಲುಗಳಷ್ಟೇ ಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಇದರ ಕ್ವೆರಿಯನ್ನು (ಡೇಟಾ ಕೇಳುವ ಆಜ್ಞೆ) ನಾಲ್ಕು ಥರ ಬರೆದು ನೋಡಿದೆ.

ಗಂಟೆಯನ್ನಷ್ಟೇ ತೆಗೆದು ಹೋಲಿಸುವುದು ಸುಲಭ, ಗಡಿಗಳು ಪೂರ್ತಿ ಗಂಟೆಯಾಗಿದ್ದರೆ. 9:30 ಬಂತೋ, ಷರತ್ತಿನೊಳಗೆ ಷರತ್ತು ಸೇರಿ ಉದ್ದವಾಗುತ್ತದೆ.

ಸಮಯವನ್ನು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಮಾಡಿದರೆ ಓದೋಕೆ ಚೆನ್ನಾಗಿದೆ. '09:30' ಅಂತ ಸೊನ್ನೆ ಹಾಕಿ, 24 ಗಂಟೆ ಲೆಕ್ಕದಲ್ಲಿ ಬರೆದರೆ ಉತ್ತರವೂ ಸರಿ. ಸೊನ್ನೆ ಬಿಟ್ಟರೆ '9:30' ಎನ್ನುವುದು '10:00'ಕ್ಕಿಂತ ದೊಡ್ಡದು! ಅಕ್ಷರವಾಗಿ ನೋಡಿದರೆ 1ರ ನಂತರ ತಾನೇ 9 ಬರೋದು? ಎರರ್ ಏನೂ ಬರುವುದಿಲ್ಲ, ಸಾಲುಗಳು ಸುಮ್ನೆ ಕಾಣೆಯಾಗುತ್ತವೆ. ಅದಕ್ಕೇ ಈ ದಾರಿ ನನಗೆ ಬೇಡ. ಎಸ್‌ಕ್ಯೂಲೈಟ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಸಮಯಕ್ಕೆ ಬೇರೆ ಟೈಪೇ (ಡೇಟಾದ ಬಗೆ) ಇಲ್ಲ, ಅಲ್ಲಿ ಮಾತ್ರ ಒಪ್ಪಬಹುದು.

ಟೈಮ್ ಟೈಪ್‌ಗೆ ಕಾಸ್ಟ್ ಮಾಡುವುದು, ಅಂದರೆ ತಾರೀಕು ಬಿಟ್ಟು ಬರೀ ಸಮಯವಾಗಿ ಪರಿವರ್ತಿಸುವುದು, ನನಗೆ ಜಾಸ್ತಿ ಹಿಡಿಸಿತು. ಬೇಕಾದ್ದನ್ನು ನೇರವಾಗಿ ಹೇಳುತ್ತದೆ. ಆದರೆ ಎರಡು ಬೆಲೆಗಳ ನಡುವಿನದನ್ನು ಕೇಳುವ ಬಿಟ್ವೀನ್ ಷರತ್ತು ಬಳಸಬೇಡಿ. ಅದು ಎರಡೂ ತುದಿ ಸೇರಿಸಿಕೊಳ್ಳುತ್ತದೆ, ಸರಿಯಾಗಿ 17:00:00ರ ಸಾಲೂ ಒಳಗೆ ಬರುತ್ತದೆ. ಅದನ್ನು ತಪ್ಪಿಸಲು 16:59:59 ಅಂತ ಬರೆದರೆ 16:59:59.4ರ ಸಾಲು ಹೊರಗುಳಿಯುತ್ತದೆ. ಪೋಸ್ಟ್‌ಗ್ರೆಸ್ ಮೈಕ್ರೋಸೆಕೆಂಡಿನವರೆಗೂ ಇಟ್ಟುಕೊಳ್ಳುತ್ತದಲ್ವಾ! 09:30 ಅಥವಾ ಅದಕ್ಕಿಂತ ಹೆಚ್ಚು, 17:00ಕ್ಕಿಂತ ಕಡಿಮೆ ಎಂದು ಎರಡು ಷರತ್ತು ಕೊಟ್ಟರೆ ತಕರಾರಿಲ್ಲ.

ಇನ್ನು ಮಧ್ಯರಾತ್ರಿ ದಾಟುವ ಹೊತ್ತು. ರಾತ್ರಿ 22:00ರಿಂದ ಬೆಳಗಿನ 06:00ರವರೆಗೆ ಎಂದು ಬಿಟ್ವೀನ್‌ನಲ್ಲಿ ಕೇಳಿದರೆ ಒಂದು ಸಾಲೂ ಬರುವುದಿಲ್ಲ. 22ಕ್ಕಿಂತ ದೊಡ್ಡದೂ 6ಕ್ಕಿಂತ ಚಿಕ್ಕದೂ ಆದ ಸಮಯ ಎಲ್ಲಿದೆ? ಇಲ್ಲಿ ಎರಡು ಷರತ್ತುಗಳ ನಡುವೆ ಆಂಡ್ (ಎರಡೂ) ಬದಲು ಆರ್ (ಯಾವುದಾದರೊಂದು) ಬೇಕು.

ನಾಲ್ಕನೆಯ ದಾರಿ ಗೆಲ್ಲುವುದು ಇಲ್ಲೇ. ಸಮಯವನ್ನು ಮಧ್ಯರಾತ್ರಿಯಿಂದ ಎಷ್ಟು ನಿಮಿಷ ಎಂದು 0ರಿಂದ 1439ರವರೆಗಿನ ಅಂಕಿಯಾಗಿ ಇಡುವುದು. ಆ ಅಂಕಿಯಿಂದ 1320 (ಪಾಳಿ ಶುರುವಾಗುವ 22:00) ಕಳೆದು, 1440 ಕೂಡಿಸಿ, 1440ರಿಂದ ಭಾಗಿಸಿ. ಶೇಷ 480ಕ್ಕಿಂತ (ಎಂಟು ಗಂಟೆಯ ನಿಮಿಷಗಳು) ಕಡಿಮೆ ಇದ್ದರೆ ಅದು ರಾತ್ರಿ ಪಾಳಿ. ಪಾಳಿಯ ಗಡಿಗಳು ಇನ್ನೊಂದು ಟೇಬಲ್‌ನಿಂದ ಬರುವಾಗ, ಹಗಲಿಗೂ ರಾತ್ರಿಗೂ ಈ ಒಂದೇ ಷರತ್ತು ಸಾಕು. ಓದುವವರಿಗೆ ಮಾತ್ರ ಒಂದು ಕಾಮೆಂಟ್ ಬರೆದಿಡಿ.

ವೇಗದ ವಿಷಯ: ಮೂಲ ಕಾಲಂ ಮೇಲಿನ ಮಾಮೂಲಿ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಕಟ್ಟುವ ಸೂಚಿ) ಈ ನಾಲ್ಕಕ್ಕೂ ನೆರವಾಗದು. ಮೂರನೆಯ ದಾರಿಗಾದರೆ ಕಾಸ್ಟ್ ಮಾಡಿದ ಸಮಯದ ಮೇಲೆಯೇ ಇಂಡೆಕ್ಸ್ ಕಟ್ಟಬೇಕು. ಟೈಮ್‌ಜೋನ್ ಇರುವ ಕಾಲಂ ಆದರೆ ಪೋಸ್ಟ್‌ಗ್ರೆಸ್ ಇದಕ್ಕೆ ಒಪ್ಪುವುದಿಲ್ಲ, ಯಾಕೆಂದರೆ ಸೆಷನ್‌ನ, ಅಂದರೆ ಆ ಹೊತ್ತಿನ ಸಂಪರ್ಕದ, ಜೋನ್ ಬದಲಾದರೆ ಸಮಯವೂ ಬದಲಾಗುತ್ತದೆ. ಮೊದಲು ಜೋನ್ ಯಾವುದೆಂದು ಇಂಡೆಕ್ಸ್‌ನಲ್ಲೂ ಕ್ವೆರಿಯಲ್ಲೂ ಹೆಸರಿಸಿ, ಆಮೇಲೆ ಕಾಸ್ಟ್ ಮಾಡಿ, ಆಗ ಇಂಡೆಕ್ಸ್ ಕೂರುತ್ತದೆ.