ಹದಿನಾಲ್ಕರ ಬೋಲ್ಟಿಗೆ ಮೂರು ಪಾನಾ

ಬಳ್ಳಾರಿಯಿಂದ ತೋರಣಗಲ್ಲಿಗೆ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರ್. ಅದಿರು ಲಾರಿಗಳ ಹಿಂದೆ ದಿನವೂ ಓಡಾಡುವ ನನ್ನ ಬೈಕಿನ ಚೈನು ಸಂಜೆಯ ಹೊತ್ತಿಗೆ ಕುಂಕುಮ ಎರಚಿದಂತೆ ಕೆಂಪಗಾಗಿರುತ್ತದೆ. ಆ ಧೂಳಿನ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಎನ್ನುವುದಿಲ್ಲ. ಸಣ್ಣಪುಟ್ಟ ಕೆಲಸಕ್ಕೂ ಗ್ಯಾರೇಜಿನಲ್ಲಿ ಅರ್ಧ ದಿನ ಕಾಯಲಾಗದೆ ಮನೆಯ ಮುಂದಿನ ಕಟ್ಟೆಯನ್ನೇ ಗ್ಯಾರೇಜು ಮಾಡಿಕೊಂಡೆ. ನಾಲ್ಕು ವರ್ಷಗಳಲ್ಲಿ ಸಲಕರಣೆಗಳನ್ನು ಮೂರು ಸಲ ಕೊಂಡಿದ್ದೇನೆ. ಬೈಕು ಜಪಾನಿ ವಿನ್ಯಾಸದ 100 ಸಿಸಿಯದು.

ಮೊದಲು ಬಂದದ್ದು ಆನ್‌ಲೈನಿನಲ್ಲಿ ತರಿಸಿದ, 46 ತುಂಡುಗಳ ಅಗ್ಗದ ಸಾಕೆಟ್ (ಬೋಲ್ಟಿನ ತಲೆಗೆ ತೊಡಿಸುವ ಬಟ್ಟಲು) ಪೆಟ್ಟಿಗೆ. ಮುಚ್ಚಳ ತೆರೆದರೆ ಬಂಗಾರದ ಅಂಗಡಿಯ ಗಾಜಿನ ಕಪಾಟಿನಂತೆ ಹೊಳೆಯುತ್ತಿತ್ತು. ಎಂಜಿನ್ ಬೆಚ್ಚಗೆ ಮಾಡಿ, ಕೆಳಗೆ ಬೋಗುಣಿ ಇಟ್ಟು, ಆಯಿಲ್ ಇಳಿಸಲು ಕುಳಿತಾಗ ಗೊತ್ತಾಯಿತು: ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ 17 ಮಿಲಿಮೀಟರಿನದು, ಪೆಟ್ಟಿಗೆಯ ಸಾಕೆಟ್ಟುಗಳು 4ರಿಂದ 14ಕ್ಕೇ ಮುಗಿಯುತ್ತವೆ. ಜಪಾನಿ ಮೂಲದ ಬೈಕುಗಳಲ್ಲಿ 8, 10, 12, 14, 17, 19ರ ತಲೆಗಳೇ ಹೆಚ್ಚು. ಹಾಗಾಗಿ ಆ ನಲವತ್ತಾರರಲ್ಲಿ ನನ್ನ ಕೈಗೆ ಮತ್ತೆ ಮತ್ತೆ ಬಂದವು ಮೂರೋ ನಾಲ್ಕೋ. ಸೀಟಿನ ಕೆಳಗೆ, ಬ್ಯಾಟರಿಯ ಸಂದಿಯಲ್ಲಿ 10ರ ಸಾಕೆಟ್ಟು ಈಗಲೂ ಚೆನ್ನಾಗಿಯೇ ದುಡಿಯುತ್ತದೆ. ಆದರೆ ಸಾಕೆಟ್ಟನ್ನು ತಿರುಗಿಸುವ ಹಿಡಿ, ಆ ಕಾಲು ಇಂಚಿನ ರ‍್ಯಾಚೆಟ್ ಬಿಗಿಯಾದ ಬೋಲ್ಟಿನ ಮೇಲೆ ಕಟಕ್ಕನೆ ಹಲ್ಲು ಜಾರಿಸಿ, ನನ್ನ ಬೆರಳ ಗಿಣ್ಣನ್ನು ಕಿಕ್ಕರಿಗೆ ಬಡಿಸಿತು. ಗಾಯದ ಗುರುತು ಇನ್ನೂ ಇದೆ.

ಆಮೇಲೆ ಗುಜರಿ. ಕೌಲ್ ಬಜಾರಿನ ಕಡೆ ತೂಕಕ್ಕೆ ಹಾಕಿದ್ದ ರಾಶಿಯಲ್ಲಿ ಕಪ್ಪಗಿನ, ಭಾರದ, ಹಳೆಯ ಪಾನಾಗಳು (ಸ್ಪ್ಯಾನರುಗಳು) ಸಿಕ್ಕವು. ಉಕ್ಕು ಎಂದರೆ ಅದು! ಸೈಲೆನ್ಸರಿನ 14ರ ಬೋಲ್ಟಿಗೆ ಒಂದನ್ನು ಹಾಕಿದೆ, ಕುಳಿತಂತೆಯೇ ಕಂಡಿತು. ಜಗ್ಗಿದೆ. ಮೊದಲ ಸಲ ಕಿರ್ ಎಂದಿತು, ಎರಡನೆಯ ಸಲ ಸರಾಗವಾಗಿ ತಿರುಗಿತು. ಸಡಿಲಾಯಿತೆಂದು ಹಿಗ್ಗಿ ಬಗ್ಗಿ ನೋಡಿದರೆ ಬೋಲ್ಟು ಇದ್ದಲ್ಲೇ ಇದೆ, ಅದರ ಆರು ಮೂಲೆಗಳು ಸವೆದು ಹುಣಸೆ ಬೀಜದಂತಾಗಿವೆ. ಪಾನಾದ ಮೇಲಿನ ಜಿಡ್ಡು ಒರೆಸಿದಾಗ ಅಚ್ಚು ಕಂಡಿತು: 9/16. ಇಂಚಿನ ಪಾನಾ ಅದು. ಮಿಲಿಮೀಟರಿನಲ್ಲಿ 14.29. ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲೂ ಇಲ್ಲದ ಅಂತರ, ತುಕ್ಕು ಹಿಡಿದ ಬೋಲ್ಟನ್ನು ಹಾಳುಮಾಡಲು ಅಷ್ಟು ಸಾಕಾಯಿತು.

ಆ ಬೋಲ್ಟನ್ನು ಬಿಡಿಸಿಕೊಟ್ಟವರು ನಮ್ಮ ಓಣಿಯ ಮೆಕ್ಯಾನಿಕ್ ಚಾಚಾ. ಆರು ಮೂಲೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಒಂದೇ ಪಟ್ಟಿಗೆ ತೆಗೆದರು. "ಪಾನಾ ತಲೆಯ ಮೇಲೆ ಕೂರಬೇಕಪ್ಪಾ, ಆಡಬಾರದು. ಮೊದಲು ಬರಿಗೈಯಲ್ಲಿ ಅಲ್ಲಾಡಿಸಿ ನೋಡಿ," ಎಂದರು. ಹಣ ತೆಗೆದುಕೊಳ್ಳಲಿಲ್ಲ, ಚಹಾ ಕುಡಿದರು.

ಮೂರನೆಯ ಸಲ ಬೇಕಾದ ಅಳತೆಯವನ್ನಷ್ಟೇ ಬಿಡಿಯಾಗಿ ಕೊಂಡೆ. ತಪಾರಿಯಾ ಕಂಪನಿಯ, ಎರಡು ತುದಿಗೆ ಎರಡು ಅಳತೆಯ ರಿಂಗ್ ಪಾನಾಗಳು 12-13, 14-15, 16-17. ಜೊತೆಗೆ 10ರ ಒಂದು ಟಿ ಪಾನಾ. ನಾಲ್ಕಕ್ಕೆ ಕೊಟ್ಟ ಹಣ ಆ ಪೆಟ್ಟಿಗೆಯ ಬೆಲೆಯನ್ನು ದಾಟಿತು, ಆದರೂ ಮನೆಯ ಕೆಲಸದಲ್ಲಿ ಮುಕ್ಕಾಲು ಪಾಲು ಇವುಗಳಿಂದಲೇ ಆಗುತ್ತದೆ. ರಿಂಗು ತಲೆಯನ್ನು ಸುತ್ತಲೂ ಹಿಡಿಯುತ್ತದೆ; ಬಾಯಿ ತೆರೆದ ಪಾನಾ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ. ತೆರೆದ ಪಾನಾವನ್ನು ಚೈನ್ ಅಡ್ಜಸ್ಟರಿನ ನಟ್ಟಿಗೆ ಬಿಟ್ಟರೆ ಬೇರೆಲ್ಲೂ ಮುಟ್ಟುವುದಿಲ್ಲ. ಹನ್ನೆರಡು ಮೂಲೆಯ ರಿಂಗು ಇಕ್ಕಟ್ಟಿನಲ್ಲಿ ಸಲೀಸು, ಆದರೆ ಸವೆದ ತಲೆಗೆ ಆರು ಮೂಲೆಯೇ ಬೇಕು. ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಪಾನಾ ನೀರಿನ ನಲ್ಲಿಗೆ ಸರಿ, ಬೈಕಿನ ಹತ್ತಿರ ತರಬೇಡಿ. ಸ್ಪಾರ್ಕ್ ಪ್ಲಗ್ಗಿಗೆ ಬೈಕಿನ ಜೊತೆ ಬಂದ ಕೊಳವೆ ಪಾನಾ ಸಾಕು.

ಸ್ಕ್ರೂಡ್ರೈವರಿನ ವಿಷಯ ನನಗೆ ತಡವಾಗಿ ತಿಳಿಯಿತು. ಕಾರ್ಬ್ಯುರೇಟರಿನ ಕೆಳಬಟ್ಟಲಿನ ಸ್ಕ್ರೂಗಳು ನೋಡಲು ಮಾಮೂಲಿ ನಕ್ಷತ್ರ ಸ್ಕ್ರೂಗಳೇ. ಆದರೆ ಕೆಲವುಗಳ ತಲೆಯ ಮೇಲೆ ಸಣ್ಣ ಚುಕ್ಕೆ ಇರುತ್ತದೆ. ಅದು ಜಪಾನಿನ ಕೈಗಾರಿಕಾ ಮಾನದಂಡ ಜೆಐಎಸ್‌ನ ಗುರುತು. ಮಾಮೂಲಿ ನಕ್ಷತ್ರ ಸ್ಕ್ರೂಡ್ರೈವರಿನ ಫಿಲಿಪ್ಸ್ ತುದಿ ಅದರ ತಳ ಮುಟ್ಟದೆ ಮೇಲೆದ್ದು ಜಾರುತ್ತದೆ, ಹಿತ್ತಾಳೆಯಷ್ಟು ಮೆತ್ತಗಿನ ತಲೆಯನ್ನು ಕೆರೆದು ಹಾಕುತ್ತದೆ. ಒಂದೇ ಬಟ್ಟಲಿನ ಎರಡು ಸ್ಕ್ರೂಗಳಿಗೆ ಎರಡನ್ನೂ ಹಾಕಿ ನೋಡಿದೆ. ಫಿಲಿಪ್ಸ್ ಮೂರು ಸಲ ಜಾರಿತು, ಜೆಐಎಸ್ ತುದಿಯದು ಒಂದೇ ಹಿಡಿತಕ್ಕೆ ಬಿಚ್ಚಿತು. ಒಂದೇ ಒಂದು ದುಬಾರಿ ಸಲಕರಣೆ ಕೊಳ್ಳುವುದಾದರೆ ನಾನು ಇದನ್ನೇ ಕೊಳ್ಳುತ್ತೇನೆ.

ಎಷ್ಟು ಬಿಗಿದೆವೆಂದು ಅಳೆಯುವ ಟಾರ್ಕ್ ರೆಂಚ್? ಸ್ನೇಹಿತರೊಬ್ಬರದು ತಂದು ನೋಡಿದೆ. ಅರ್ಧ ಇಂಚಿನದು, 28 ನ್ಯೂಟನ್ ಮೀಟರಿನಿಂದ (ತಿರುಗಿಸುವ ಬಲದ ಅಳತೆ) ಶುರು. ನನ್ನ ಡ್ರೈನ್ ಬೋಲ್ಟಿಗೆ 25ರ ಆಸುಪಾಸು ಸಾಕು. ಅದರ ಬದಲು 16-17ರ ರಿಂಗಿನ ತುದಿಗೆ, ಬೋಲ್ಟಿನಿಂದ ಸರಿಯಾಗಿ 25 ಸೆಂಟಿಮೀಟರ್ ದೂರದಲ್ಲಿ, ಚೀಲ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಹತ್ತು ಕಿಲೋ ತೋರಿಸುವವರೆಗೆ ಎಳೆದೆ. ಲೆಕ್ಕಕ್ಕೆ ಅದು 24.5. ಅಷ್ಟು ಕಡಿಮೆಯೇ ಎಂದು ಗಾಬರಿಯಾಯಿತು. ಹಿಂದಿನ ವರ್ಷ ಇದೇ ಬೋಲ್ಟನ್ನು ಎರಡೂ ಕೈಯಿಂದ ಒತ್ತಿ, ಅಲ್ಯೂಮಿನಿಯಂ ಮರೆ (ಬೋಲ್ಟು ಕೂರುವ ತಿರುಪಿನ ಸುತ್ತು) ಕಿತ್ತು, ಲೇತ್ ಅಂಗಡಿಗೆ ಹೋದವನು ನಾನೇ.

ಈಗ ಕೆಲಸಕ್ಕೆ ಬರುವುದೆಲ್ಲ ಜೀನ್ಸ್ ಹೊಲಿಯುವ ನೆರೆಮನೆಯವರು ತುಂಡು ಬಟ್ಟೆಯಲ್ಲಿ ಮಾಡಿಕೊಟ್ಟ ಸುರುಳಿ ಚೀಲದಲ್ಲಿದೆ. ಆ 9/16 ಮಾತ್ರ ಹೊರಗೆ, ಬೈಕಿಗೆ ಹೊದಿಸಿದ ಹಾಳೆ ಗಾಳಿಗೆ ಹಾರದಂತೆ ಅದರ ಅಂಚಿನ ಮೇಲೆ ಕುಳಿತಿದೆ.