ಪರ್ಷಿಯನ್, ಸಯಾಮೀಸ್, ಮೇನ್ ಕೂನ್, ಬೆಂಗಾಲ್: ಸಾಕಿ ನೋಡಿದ ಮೇಲಿನ ಹೋಲಿಕೆ

ಬೆಕ್ಕಿನ ತಳಿಗಳ ವಿವರಣೆ ಸಾಮಾನ್ಯವಾಗಿ ಕಣ್ಣಿನ ಬಣ್ಣ, ಕೂದಲಿನ ಉದ್ದಗಳ ಬಳಿಯೇ ನಿಂತುಬಿಡುತ್ತದೆ. ಆ ರೂಪ ಎಲ್ಲಿಂದ ಬಂತು ಎಂಬುದಕ್ಕೂ ದಿನನಿತ್ಯದ ಆರೈಕೆಗೂ ಇರುವ ನಂಟು ಸಾಕಿದವರಿಗಷ್ಟೇ ಅರಿವಾಗುತ್ತದೆ. ಪರ್ಷಿಯನ್ ಮತ್ತು ಸಯಾಮೀಸ್ ಬೆಕ್ಕುಗಳನ್ನು ನಾನೇ ಸಾಕಿದ್ದೇನೆ. ಮೇನ್ ಕೂನ್ ಮತ್ತು ಬೆಂಗಾಲ್ ಆಪ್ತರ ಮನೆಯವಾದರೂ, ಅವರು ಊರಿನಲ್ಲಿಲ್ಲದಾಗಲೆಲ್ಲ ನನ್ನ ಬಳಿಯೇ ಇರುತ್ತಿದ್ದವು.

ಬೆಂಗಾಲ್‌ನಲ್ಲಿ ಬೆರೆತ ಇನ್ನೊಂದು ಕಾಡುಬೆಕ್ಕಿನ ಅಂಶವನ್ನು ಬಿಟ್ಟರೆ, ಮೂಲದಲ್ಲಿ ಇವೆಲ್ಲವೂ ಒಂದೇ ಕುಲದವು. ಮನೆಬೆಕ್ಕು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕಿನಿಂದ ಬಂದದ್ದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿ ದೊರೆತಿದೆ. ಆದರೆ ನಾವಿಂದು ತಳಿಗಳೆಂದು ಕರೆಯುವ ವರ್ಗಗಳಿಗೆ ಅಷ್ಟು ವಯಸ್ಸಿಲ್ಲ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವಿಯರ್ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದಿಂದೀಚೆಗೆ, ಬೆಕ್ಕು ಹೇಗಿರಬೇಕು ಎಂಬುದನ್ನು ಇಲಿಗಳಿಗಿಂತ ಹೆಚ್ಚಾಗಿ ತೀರ್ಪುಗಾರರು ನಿರ್ಧರಿಸತೊಡಗಿದರು.

ಅದರ ಪರಿಣಾಮ ಢಾಳಾಗಿ ಕಾಣುವುದು ಪರ್ಷಿಯನ್‌ನಲ್ಲಿ. ಉದ್ದ ಕೂದಲಿನ ಬೆಕ್ಕುಗಳನ್ನು ಹದಿನೇಳನೆಯ ಶತಮಾನದಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪರ್ಷಿಯಾದ ಖೊರಾಸಾನ್ ಪ್ರಾಂತ್ಯದೊಂದಿಗೆ ಜೋಡಿಸಿ ಬರೆದಿದ್ದಾನೆ. ಇಂದಿನ ಪರ್ಷಿಯನ್‌ಗಳ ವಂಶವಾಹಿಗಳು ಮಾತ್ರ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರವಾಗಿವೆ. ಚಪ್ಪಟೆ ಮೂತಿ ಇಪ್ಪತ್ತನೆಯ ಶತಮಾನದ ಆಯ್ಕೆಯ ಫಲ. ನನ್ನ ಬೆಕ್ಕು ತಟ್ಟೆಯಲ್ಲಿನ ಒಣ ಆಹಾರದ ಕಾಳನ್ನು ಹಲ್ಲಿನಿಂದ ಹಿಡಿಯಲಾರದೆ, ನಾಲಿಗೆಯ ಅಡಿಭಾಗಕ್ಕೆ ಅಂಟಿಸಿಕೊಂಡು ಒಳಗೆಳೆದುಕೊಳ್ಳುತ್ತಿತ್ತು. ಅರ್ಧದಷ್ಟು ನೆಲದ ಪಾಲಾಗುತ್ತಿತ್ತು. ಮೂತಿ ಒಳಸರಿದಾಗ ಕಣ್ಣೀರಿನ ನಾಳವೂ ಸೊಟ್ಟಗಾಗುವುದರಿಂದ ಕಣ್ಣಿನ ಮೂಲೆಯಲ್ಲಿ ಕಂದು ಕಲೆ ಕಟ್ಟುತ್ತದೆ, ಅದನ್ನು ದಿನವೂ ಒದ್ದೆ ಹತ್ತಿಯಿಂದ ಒರೆಸಬೇಕು. ಬಾಚಣಿಗೆಯ ಕೆಲಸವೂ ನಿತ್ಯದ್ದೇ. ಬೆನ್ನಿನ ಕೂದಲು ನೋಡಲು ಸರಿಯಾಗಿದ್ದರೂ ಕಿವಿಯ ಹಿಂದೆ ಮತ್ತು ಮುಂಗಾಲಿನ ಸಂದಿಯಲ್ಲಿ ಗಂಟುಗಳು ಚರ್ಮಕ್ಕೆ ಅಂಟಿಕೊಂಡಂತೆ ಬೆಳೆದಿರುತ್ತವೆ. ಇಷ್ಟೆಲ್ಲ ಹೇಳಿದ ಮೇಲೂ, ಶಾಂತ ಸ್ವಭಾವದಲ್ಲಿ ಇದನ್ನು ಮೀರಿಸುವ ಬೆಕ್ಕನ್ನು ನಾನು ಕಂಡಿಲ್ಲ ಎಂಬುದನ್ನು ಒಪ್ಪಲೇಬೇಕು.

ಸಯಾಮೀಸ್ ಇದಕ್ಕೆ ತದ್ವಿರುದ್ಧ. ಥಾಯ್ಲೆಂಡಿನ ಹಳೆಯ ಹಸ್ತಪ್ರತಿಗಳಲ್ಲಿ ಚಿತ್ರಸಹಿತ ವರ್ಣಿತವಾಗಿರುವ ಈ ಬೆಕ್ಕಿನ ಮೈ ಕೆನೆಬಣ್ಣದ್ದು. ಮೂತಿ, ಕಿವಿ, ಪಂಜ, ಬಾಲಗಳು ಕಡುಗಂದು. ಬಣ್ಣವನ್ನುಂಟುಮಾಡುವ ಕಿಣ್ವವು ಒಂದು ವಂಶವಾಹಿಯ ವ್ಯತ್ಯಾಸದಿಂದಾಗಿ ಬೆಚ್ಚಗಿನ ಭಾಗಗಳಲ್ಲಿ ಕೆಲಸ ಮಾಡದೆ, ತಂಪಾದ ತುದಿಗಳಲ್ಲಷ್ಟೇ ಮಾಡುತ್ತದೆ. ತಾಯಿಯ ಗರ್ಭ ಎಲ್ಲೆಡೆ ಒಂದೇ ಸಮ ಬೆಚ್ಚಗಿರುವುದರಿಂದ ಮರಿಗಳು ಹುಟ್ಟುವಾಗ ಬೆಳ್ಳಗಿರುತ್ತವೆ. ಪುಸ್ತಕದಲ್ಲಿ ಓದಿದ್ದ ಈ ಸಂಗತಿ ನನಗೆ ನಿಜವಾಗಿ ಮನದಟ್ಟಾದದ್ದು, ಸಂತಾನಹರಣ ಶಸ್ತ್ರಚಿಕಿತ್ಸೆಗೆಂದು ಪಕ್ಕೆಯಲ್ಲಿ ಬೋಳಿಸಿದ್ದ ಅಂಗೈಯಗಲದ ಜಾಗದಲ್ಲಿ ಕೂದಲು ಕಂದಾಗಿ ಚಿಗುರಿ, ಮುಂದೆ ಅದು ಉದುರಿ ಹೊಸದು ಬಂದಾಗ ಮತ್ತೆ ಕೆನೆಬಣ್ಣಕ್ಕೆ ತಿರುಗಿದಾಗ. ನೀಲಿ ಕಣ್ಣಿಗೂ, ಹಳೆಯ ಸಯಾಮೀಸ್‌ಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಮೆಳ್ಳೆಗಣ್ಣಿಗೂ ಇದೇ ವಂಶವಾಹಿ ಕಾರಣ. ಆರೈಕೆಗೆ ಇಷ್ಟು ಸುಲಭದ ಮೈ ಇನ್ನೊಂದಿಲ್ಲ, ವಾರಕ್ಕೊಮ್ಮೆ ಕೈಯಾಡಿಸಿದರೂ ಸಾಕು. ಆದರೆ ಅದರ ಗಂಟಲನ್ನು ಸಹಿಸಬೇಕು: ಮುಚ್ಚಿದ ಬಾಗಿಲಿಗೆ ಒಂದು ಕೂಗು, ತಡವಾದ ಊಟಕ್ಕೆ ಇನ್ನೊಂದು, ಯಾವ ಕಾರಣವೂ ಇಲ್ಲದಾಗ ಎಲ್ಲಕ್ಕಿಂತ ದೊಡ್ಡದು. ದಿನವಿಡೀ ಮನೆಗೆ ಬೀಗ ಹಾಕಿ ಹೋಗುವವರು ಇದನ್ನು ಒಂಟಿಯಾಗಿ ಸಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೇನ್ ಕೂನ್ ಅಮೆರಿಕದ ಮೇನ್ ರಾಜ್ಯದ್ದು. 1985ರಲ್ಲಿ ಅದನ್ನು ಆ ರಾಜ್ಯದ ಅಧಿಕೃತ ಬೆಕ್ಕೆಂದು ಘೋಷಿಸಲಾಯಿತು. ರಕೂನ್ ಎಂಬ ಅಲ್ಲಿನ ಕಾಡುಪ್ರಾಣಿಯ ಜೊತೆ ಕೂಡಿ ಹುಟ್ಟಿದ್ದೆಂಬ ಕಥೆ ಜೀವಶಾಸ್ತ್ರಕ್ಕೆ ಒಪ್ಪುವಂಥದ್ದಲ್ಲ. ಹೊಟ್ಟೆಯ ಕೆಳಗೂ ತೊಡೆಯ ಹಿಂದೆಯೂ ಉದ್ದವಾಗಿ, ಬೆನ್ನಿನ ಮೇಲೆ ಗಿಡ್ಡವಾಗಿ ಬೆಳೆಯುವ ಕೂದಲು, ಬೆರಳುಗಳ ನಡುವಿನ ಕುಚ್ಚು, ಮಲಗಿದಾಗ ಮೈಗೆ ಸುತ್ತಿಕೊಳ್ಳುವ ಪೊದೆಬಾಲ, ಇವೆಲ್ಲ ಹಿಮದ ಚಳಿಗೆ ಹೊಂದುವಂಥವು. ಪರ್ಷಿಯನ್‌ನಂತೆ ಉದ್ದ ಕೂದಲಾದರೂ ಇದರದ್ದು ಕಡಿಮೆ ಗಂಟಾಗುತ್ತದೆ. ವಾರಕ್ಕೆ ಎರಡು ಸಲ ಬಾಚಿದರೆ ನಡೆಯುತ್ತದೆ. ಗಂಡು ಎಂಟು ಕಿಲೋ ತೂಗುವುದೂ ಉಂಟು, ಪೂರ್ತಿ ಬೆಳೆಯಲು ಮೂರ್ನಾಲ್ಕು ವರ್ಷ ಬೇಕು. ಅಂಥ ದೇಹದಿಂದ ಹೊರಡುವ ದನಿಯಾದರೋ ಹಕ್ಕಿಯ ಉಲಿಯಷ್ಟು ಸಣ್ಣದು.

ಬೆಂಗಾಲ್ ಬಗ್ಗೆ ನನಗಿರುವುದು ಮೆಚ್ಚುಗೆಯೇ ಹೊರತು ಆಸೆಯಲ್ಲ. ಏಷ್ಯಾದ ಚಿರತೆ ಬೆಕ್ಕೆಂಬ ಕಾಡುಬೆಕ್ಕನ್ನು ಮನೆಬೆಕ್ಕಿನೊಂದಿಗೆ ಕೂಡಿಸುವ ಪ್ರಯತ್ನವನ್ನು ಕ್ಯಾಲಿಫೋರ್ನಿಯಾದ ಜೀನ್ ಮಿಲ್ 1960ರ ದಶಕದಲ್ಲಿ ಆರಂಭಿಸಿದರು. ಮೊದಲ ಪೀಳಿಗೆಗಳ ಗಂಡುಗಳು ಬಂಜೆಯಾಗಿರುವುದರಿಂದ ತಳಿ ನೆಲೆಗೊಳ್ಳಲು ಬಹಳ ಕಾಲ ಹಿಡಿಯಿತು; ಮನೆಯಲ್ಲಿ ಸಾಕುವ ಬೆಂಗಾಲ್ ಕಾಡಿನ ಪೂರ್ವಜರಿಂದ ಕನಿಷ್ಠ ನಾಲ್ಕು ಪೀಳಿಗೆ ದೂರದ್ದಾಗಿರಬೇಕು. ಮೈಮೇಲಿನ ಉಂಗುರದಂಥ ಚುಕ್ಕೆಗಳು ಚೆಲುವಾದವೇ. ಆದರೆ ಕೆಲವೇ ದಿನಗಳಲ್ಲಿ ಅದು ಹಿಡಿಕೆಗೆ ಜೋತುಬಿದ್ದು ಬಾಗಿಲು ತೆರೆಯಲು ಕಲಿತಿತ್ತು, ತೊಟ್ಟಿಕ್ಕುವ ನಲ್ಲಿಯ ಕೆಳಗೆ ಪಂಜ ಒಡ್ಡಿಕೊಂಡು ಗಂಟೆಗಟ್ಟಲೆ ಕೂರುತ್ತಿತ್ತು. ಹತ್ತಲು ಎತ್ತರದ ಜಾಗ, ದಿನವೂ ಆಡಿಸುವವರು ಇಲ್ಲದಿದ್ದರೆ ಅದು ತನ್ನ ಆಟವನ್ನು ಮನೆಯ ಸಾಮಾನುಗಳಲ್ಲೇ ಕಂಡುಕೊಳ್ಳುತ್ತದೆ.

ನಾಲ್ಕರಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಮತ ಮೇನ್ ಕೂನ್‌ಗೆ, ಸ್ವಲ್ಪ ಹಿಂದೆ ಸಯಾಮೀಸ್. ಆದರೂ ಆರೋಗ್ಯದ ವಿಷಯದಲ್ಲಿ ಮೇನ್ ಕೂನ್ ನಿಶ್ಚಿಂತೆಯ ತಳಿಯೇನಲ್ಲ. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಗೆ ಕಾರಣವಾಗುವ ವಂಶವಾಹಿಯೊಂದನ್ನು 2005ರಲ್ಲಿ ಇದೇ ತಳಿಯಲ್ಲಿ ಗುರುತಿಸಲಾಯಿತು. ಪರ್ಷಿಯನ್‌ನಲ್ಲಿ ಮೂತ್ರಪಿಂಡದೊಳಗೆ ನೀರುಗುಳ್ಳೆ ಬೆಳೆಯುವ ಆನುವಂಶಿಕ ಕಾಯಿಲೆಯಿದ್ದು, ತಂದೆ ತಾಯಿಗಳಲ್ಲಿ ಒಬ್ಬರಿಂದ ಬಂದರೂ ಅದು ಮರಿಗೆ ತಗಲುತ್ತದೆ. ಎರಡಕ್ಕೂ ವಂಶವಾಹಿ ಪರೀಕ್ಷೆಗಳಿವೆ, ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಸವರಿದರೆ ಮಾದರಿ ಸಿಗುತ್ತದೆ. ಮರಿಯನ್ನು ಒಪ್ಪಿಕೊಳ್ಳುವ ಮುನ್ನ ತಂದೆ ತಾಯಿ ಎರಡರ ಫಲಿತಾಂಶವನ್ನೂ ಕೇಳಿ ಪಡೆಯಬೇಕು. ಮೇನ್ ಕೂನ್ ಆದರೆ ಅವುಗಳ ಹೃದಯದ ಸ್ಕ್ಯಾನ್ ವರದಿಯನ್ನೂ ನೋಡಬೇಕು, ಏಕೆಂದರೆ ಆ ವಂಶವಾಹಿ ಇಲ್ಲದ ಬೆಕ್ಕುಗಳಿಗೂ ಈ ಹೃದಯದ ಕಾಯಿಲೆ ಬರುವುದುಂಟು.