ತೂಕ ಇಳಿಸಲು ಸೆಮಾಗ್ಲುಟೈಡಾ, ಟಿರ್ಜೆಪಟೈಡಾ?

ಎರಡೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗಳು. ಸೆಮಾಗ್ಲುಟೈಡ್, ಹಸಿವು ತಗ್ಗಿಸುವ ಕರುಳಿನ ಹಾರ್ಮೋನಾದ ಜಿಎಲ್‌ಪಿ-1ರ ಹಾಗೆ ಕೆಲಸ ಮಾಡುತ್ತದೆ. ಟಿರ್ಜೆಪಟೈಡ್ ಅದರ ಜೊತೆಗೆ ಕರುಳಿನ ಇನ್ನೊಂದು ಹಾರ್ಮೋನಾದ ಜಿಐಪಿಯ ಕೆಲಸವನ್ನೂ ಮಾಡುತ್ತದೆ.

ಬರೀ ತೂಕ ನೋಡಿದರೆ ಟಿರ್ಜೆಪಟೈಡ್ ಮುಂದು. 2025ರಲ್ಲಿ ಪ್ರಕಟವಾದ ಸರ್ಮೌಂಟ್-5 ಅಧ್ಯಯನ ಇವೆರಡನ್ನೂ ನೇರವಾಗಿ ಹೋಲಿಸಿತು. 72 ವಾರಗಳಲ್ಲಿ ಟಿರ್ಜೆಪಟೈಡ್ ಪಡೆದವರ ತೂಕ ಸರಾಸರಿ ಶೇ 20.2 ಇಳಿಯಿತು, ಸೆಮಾಗ್ಲುಟೈಡ್‌ನವರದು ಶೇ 13.7. ಸಣ್ಣ ವ್ಯತ್ಯಾಸವೇನಲ್ಲ, ಅಲ್ವಾ?

ಆದರೆ ಈಗಾಗಲೇ ಹೃದ್ರೋಗ ಇದ್ದರೆ ನಾನಾದರೆ ಸೆಮಾಗ್ಲುಟೈಡ್ ಬಗ್ಗೆಯೇ ಮೊದಲು ವೈದ್ಯರನ್ನು ಕೇಳುತ್ತೇನೆ. 2023ರ ಸೆಲೆಕ್ಟ್ ಅಧ್ಯಯನದಲ್ಲಿ, ತೂಕ ಜಾಸ್ತಿ ಇದ್ದ ಆದರೆ ಮಧುಮೇಹ ಇಲ್ಲದ ಹೃದ್ರೋಗಿಗಳಿಗೆ ಇದನ್ನು ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯಿಂದಾಗುವ ಸಾವು ಒಟ್ಟಾರೆ ಶೇ 20ರಷ್ಟು ತಗ್ಗಿದವು.

ವಾಕರಿಕೆ, ಭೇದಿ ಎರಡರಲ್ಲೂ ಇದ್ದದ್ದೇ. ನಿಲ್ಲಿಸಿದರೆ ತೂಕ ಮತ್ತೆ ಏರುವುದೂ ಅಷ್ಟೇ. ಮನೆತನದಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ (ಥೈರಾಯ್ಡ್ ಗ್ರಂಥಿಯ ಒಂದು ಅಪರೂಪದ ಕ್ಯಾನ್ಸರ್) ಇದ್ದವರಿಗೆ ಎರಡೂ ಬೇಡ.